ಶಿವಾಪುರದ ಕಥೆಗಾರ: ಚಂದ್ರಶೇಖರ ಕಂಬಾರರ ಅದ್ಭುತ ಕಥನ

ನಮ್ಮ ಬೀದರ ಸೀಮೆಯಲ್ಲಿ ಕಥೆ ಕೇಳದೆ ಬೆಳೆದವರು ವಿರಳ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ಜೋಳದ ರಾಶಿಯ ಕಾಲಕ್ಕೆ ಕಣದಲ್ಲಿ ಕಾವಲು ಮಲಗಿದ ಹಿರಿಯರ ಬಾಯಿಂದ, ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಕಥೆಯನ್ನು ಕೇಳಿ ಕಂಬಳಿಯೊಳಗೆ ಮುದುಡಿಕೊಂಡವರು ಈ ಪತ್ರಿಕೆಯ ಓದುಗರಲ್ಲಿ ಅನೇಕರಿರಬೇಕು. ದೊಡ್ಡವರಾದ ಮೇಲೆ ಆ ಕಥೆಗಳನ್ನು ನಾವು ನಂಬುವುದಿಲ್ಲ. ಆದರೆ ಮರೆಯುವುದೂ ಇಲ್ಲ. ನಂಬದಿದ್ದರೂ ಮರೆಯಲಾಗದ ಈ ಕಥೆಗಳ ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೇ ಪ್ರಸ್ತುತ ಲೇಖನದ ಮೂಲ.

ಈ ಪ್ರಶ್ನೆಗೆ ಒಂದು ನಿಮಿತ್ತವೂ ಉಂಟು. ಹಳೆಯ ವಿದ್ಯಾರ್ಥಿಗಳ ಒಂದು ಕೂಟದಲ್ಲಿ ಡಾ. ಚಂದ್ರಶೇಖರ ಕಂಬಾರರ ಕಾದಂಬರಿಗಳ ಮಾತು ಬಂದಾಗ, ಔರಾದ ಕಡೆಯ ನಿವೃತ್ತ ಶಿಕ್ಷಕರೊಬ್ಬರು ನೇರವಾಗಿ ಕೇಳಿದರು: “ಏನ್ರಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಕರಿಮಾಯಿಯ ಕಥೆ ಓದಿ ತಲೆದೂಗುವುದು ಸರಿಯೇನು? ಶರಣರು ಬಿಡಿಸಿದ ಮಾರಿ ಮಸಣಿಯನ್ನು ಸಾಹಿತ್ಯದ ಹೆಸರಿನಲ್ಲಿ ಮತ್ತೆ ಮನೆಯೊಳಗೆ ಕರೆದಂತಾಗಲಿಲ್ಲವೇನು?” ಕೂಡಿದವರು ನಕ್ಕರು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಪವಾಡವನ್ನು ಅಲ್ಲಗಳೆದು ಅರಿವನ್ನೇ ಗುರುವೆಂದು ಕೊಂಡ ಪರಂಪರೆಯವರು ಅದ್ಭುತ ಕಥೆಯನ್ನು ಹೇಗೆ ಓದಬೇಕು? ಅಂದು ಉತ್ತರ ಕೊಡಲು ನನ್ನಿಂದಾಗಲಿಲ್ಲ. ಇದು ಆ ಹಿರಿಯರಿಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರ.

ಮೊದಲು ಒಂದು ವಿಂಗಡಣೆ ಅವಶ್ಯ. ಅದ್ಭುತವನ್ನು ಕಥಾವಸ್ತುವಾಗಿ ಮಾಡಿಕೊಂಡ ಆಧುನಿಕ ಗದ್ಯವು ಎರಡು ಹಾದಿಗಳಲ್ಲಿ ನಡೆದಿದೆ. ವಿಜ್ಞಾನದ ಒಂದು ಸಾಧ್ಯತೆಯನ್ನು ಹಿಡಿದು ಮುಂದಿನ ಕಾಲವನ್ನು ಊಹಿಸುವುದು ವಿಜ್ಞಾನ ಕಥೆ. ಕನ್ನಡದಲ್ಲಿ ಈ ಹಾದಿಯನ್ನು ತುಳಿದವರಲ್ಲಿ ರಾಜಶೇಖರ ಭೂಸನೂರಮಠರು ಪ್ರಮುಖರು. ೧೯೯೩ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ, ಬಾಳ ಫೋಂಡಕೆಯವರು ಸಂಪಾದಿಸಿದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರ ಕಥೆಯೂ ಸೇರಿತು. ನಮ್ಮ ಗಡಿಭಾಗದಲ್ಲಿ ಮರಾಠಿ ಓದಬಲ್ಲವರಿಗೆ ಜಯಂತ ನಾರಳೀಕರರ ಹೆಸರು ಚಿರಪರಿಚಿತ. ಕೊಲ್ಹಾಪುರದಲ್ಲಿ ೧೯೩೮ರಲ್ಲಿ ಜನಿಸಿ ೨೦೨೫ರಲ್ಲಿ ನಿಧನರಾದ ಈ ಖಗೋಳ ವಿಜ್ಞಾನಿಯು ೧೯೭೪ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಮಾರುಹೆಸರಿನಿಂದ, ಅನ್ಯರ ಕೈಬರಹದಲ್ಲಿ ಕಥೆ ಕಳುಹಿಸಿ, ತನ್ನ ಕೀರ್ತಿಯ ನೆರವಿಲ್ಲದೆ ಪ್ರಥಮ ಬಹುಮಾನ ಪಡೆದ ಪ್ರಸಂಗ ಇಂದಿಗೂ ಮನೋಜ್ಞವಾದುದು.

ಎರಡನೆಯ ಹಾದಿ ಹಿಂದಕ್ಕೆ ನೋಡುವುದು. ಜನಪದದ, ಪುರಾಣದ ಕಲ್ಪನೆಗಳನ್ನು ತೆಗೆದುಕೊಂಡು ಹೊಸದೊಂದು ಲೋಕವನ್ನೇ ಕಟ್ಟಿ, ಅದರಲ್ಲಿ ಇಂದಿನ ಮನುಷ್ಯನನ್ನು ನಡೆದಾಡಿಸುವುದು. ಕನ್ನಡದಲ್ಲಿ ಈ ಹಾದಿಯನ್ನು ಜೀವಮಾನದ ಸಾಧನೆಯಾಗಿ ಮಾಡಿಕೊಂಡವರು ಕಂಬಾರರು. ಅವರನ್ನು ಕವಿಯೆಂದು, ನಾಟಕಕಾರರೆಂದು, ಜಾನಪದ ವಿದ್ವಾಂಸರೆಂದು ನಾಡು ಮನ್ನಿಸಿದೆ. ಲೋಕವೊಂದನ್ನು ಕಲ್ಪಿಸಿ ಅದನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಸಾಕಿ ಬೆಳೆಸಿದ ಕಥೆಗಾರರೆಂಬ ದೃಷ್ಟಿಯಿಂದ ಅವರನ್ನು ನೋಡಿರುವುದು ಕಡಿಮೆ.

ಕಂಬಾರರು ೧೯೩೭ನೆಯ ಜನವರಿ ೨ರಂದು ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ಓದು ನಿಂತುಹೋಗುವ ಸ್ಥಿತಿಯಲ್ಲಿದ್ದ ಬಾಲಕನಿಗೆ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಆಶ್ರಯವಿತ್ತು ಪ್ರೌಢಶಾಲೆಯ ವೆಚ್ಚವನ್ನು ವಹಿಸಿದರೆಂಬುದನ್ನು ಮಠದ ಅನ್ನವುಂಡು ಅಕ್ಷರ ಕಲಿತ ನಮ್ಮಂಥವರು ವಿಶೇಷವಾಗಿ ನೆನೆಯಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದ ಅವರು ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಬೋಧಿಸಿ, ಬಳಿಕ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಪ್ರಥಮ ಕುಲಪತಿಗಳಾದರು. ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು; ಆ ಗೌರವವನ್ನು ಪಡೆದ ಕನ್ನಡಿಗರಲ್ಲಿ ಅವರು ಎಂಟನೆಯವರು. ೨೦೧೮ರಿಂದ ೨೦೨೩ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ೨೦೨೧ರಲ್ಲಿ ಪದ್ಮಭೂಷಣ ಪ್ರಾಪ್ತವಾಯಿತು. ಇಷ್ಟು ಹೊರಗಿನ ಚರಿತ್ರೆ. ಒಳಗಿನ ಚರಿತ್ರೆಯು ಶಿವಾಪುರದ್ದು.

ಶಿವಾಪುರ ಕಂಬಾರರ ಕಲ್ಪನೆಯ ಊರು. ೧೯೬೪ರಲ್ಲಿ ಬಂದ ‘ಹೇಳತೇನ ಕೇಳ’ ಎಂಬ ಕಥನಕಾವ್ಯದಲ್ಲಿಯೇ ಅದರ ನೆಲಗಟ್ಟು ಬಿದ್ದಿತು. ಊರ ಗೌಡನನ್ನು ಕೊಂದ ರಾಕ್ಷಸನೊಬ್ಬನು ಗೌಡನ ರೂಪವನ್ನೇ ತಾಳಿ ಊರನ್ನಾಳುತ್ತಾನೆ. ಮೈ ಗೌಡನದು, ಒಳಗಿರುವವನು ಬೇರೆ. ಗದ್ದುಗೆಯ ಮೇಲೆ ಕುಳಿತವನು ನಿಜವಾದ ಒಡೆಯನೋ ವೇಷಧಾರಿಯೋ ಎಂಬ ಸಂದೇಹ ಒಮ್ಮೆ ಮೂಡಿತೆಂದರೆ, ಕಥೆಯ ರಾಕ್ಷಸನು ನಮ್ಮ ಕಾಲದ ಎಷ್ಟೋ ಗದ್ದುಗೆಗಳ ಮೇಲೆ ಕಾಣಿಸಿಕೊಳ್ಳುತ್ತಾನೆ. ‘ಋಷ್ಯಶೃಂಗ’ ನಾಟಕವು ಆ ಕಥೆಯನ್ನೇ ಮುಂದುವರಿಸಿತು. ‘ಕರಿಮಾಯಿ’ (೧೯೭೫) ಕಾದಂಬರಿಯಲ್ಲಿ ಅದೇ ಊರಿಗೆ ಇಂಗ್ಲಿಷ್ ಕಲಿತ ತರುಣನ ಆಧುನಿಕತೆ ಕಾಲಿಟ್ಟಿತು. ‘ಚಕೋರಿ’ (೧೯೯೬) ಮಹಾಕಾವ್ಯದಲ್ಲಿ ಸಂಗೀತಗಾರನೂ ಯಕ್ಷಿಯೂ ಬಂದರು. ‘ಶಿಖರಸೂರ್ಯ’ ಕಾದಂಬರಿಯಲ್ಲಿ ಶಿವಾಪುರದ ವಿದ್ಯೆಯನ್ನು ಕದ್ದೊಯ್ದವನ ಪತನವಾಯಿತು. ‘ಶಿವನ ಡಂಗುರ’ದಲ್ಲಿ (೨೦೧೫) ಜಾಗತೀಕರಣದ ಗಾಳಿ ಹಳ್ಳಿಗೆ ಬೀಸಿತು.

ಪಾಶ್ಚಾತ್ಯರಲ್ಲಿ ಜೆ. ಆರ್. ಆರ್. ಟೋಲ್ಕಿನ್ ಎಂಬವರು ೧೯೫೪–೫೫ರಲ್ಲಿ ಪ್ರಕಟಿಸಿದ ತಮ್ಮ ಮಹಾಕಥೆಗಾಗಿ ಲೋಕವೊಂದನ್ನು ಕಟ್ಟಿದರು. ಅವರೂ ಪ್ರಾಧ್ಯಾಪಕರೇ, ಪ್ರಾಚೀನ ಇಂಗ್ಲಿಷ್ ಭಾಷೆ ಅವರ ವಿಷಯ. ಅವರು ತಮ್ಮ ಲೋಕಕ್ಕೆ ನಕಾಶೆ ಬರೆದರು, ವಂಶಾವಳಿ ಬರೆದರು, ಅಲ್ಲಿಯ ಜನರಿಗೆ ಹೊಸ ಭಾಷೆಗಳನ್ನೇ ರಚಿಸಿದರು. ಕಂಬಾರರ ಶಿವಾಪುರದ ಗಡಿಯನ್ನು ಅಳತೆಗೋಲಿನಿಂದ ಗುರುತಿಸಲಾಗದು. ಒಂದು ಕೃತಿಯಲ್ಲಿ ಅದು ಗೌಡಿಕೆಯ ಹಳ್ಳಿ, ಇನ್ನೊಂದರಲ್ಲಿ ಅಡವಿಯ ನಡುವಿನ ಆದಿಮ ನೆಲೆ. ಈ ಅಸ್ಥಿರತೆಯು ದೋಷವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ನಮ್ಮ ಹಾಡುಗಬ್ಬಗಳ ಊರುಗಳೆಲ್ಲ ಹೀಗೆಯೇ. ಲಾವಣಿಯ ಊರಿಗೆ ಸರ್ವೆ ನಂಬರು ಇರುವುದಿಲ್ಲ. ಹಾಡುವವನು ನಿಂತ ಊರೇ ಕಥೆಯ ಊರಾಗುತ್ತದೆ. ಟೋಲ್ಕಿನ್ನರು ಲೋಕವನ್ನು ಬರಹದಿಂದ ಕಟ್ಟಿದರೆ, ಕಂಬಾರರು ದನಿಯಿಂದ ಕಟ್ಟಿದರು. ಬಯಲಾಟ ಸಂಶೋಧಿಸಿದವರ ಕೈಯಲ್ಲಿ ಇದು ಸಹಜವೇ ಆಗಿದೆ.

ಇಲ್ಲಿಂದಲೇ ಅವರ ಕಥನಕಲೆಯ ಮೊದಲ ಗುಟ್ಟು ತೆರೆದುಕೊಳ್ಳುತ್ತದೆ. ಕಂಬಾರರ ಕಥೆಯಲ್ಲಿ ಯಾವಾಗಲೂ ಹೇಳುವವರೊಬ್ಬರು ಇರುತ್ತಾರೆ. ‘ಸಿಂಗಾರೆವ್ವ ಮತ್ತು ಅರಮನೆ’ (೧೯೮೨) ಕಾದಂಬರಿಯನ್ನು ನೋಡಬೇಕು. ಅರಮನೆಯ ಆಳು ಶೀನಿಂಗವ್ವ ತಾನು ಕಂಡುದನ್ನೂ ಕೇಳಿದುದನ್ನೂ ಲೇಖಕನಿಗೆ ಹೇಳುತ್ತಾಳೆ; ಅವನು ಬರೆದುಕೊಳ್ಳುತ್ತಾನೆ. ಪಾಳುಬಿದ್ದ ದೇಸಗತಿ, ಅಲ್ಲಿ ಬೆಂದ ಹೆಣ್ಣಿನ ಬಾಳು, ಗೋಡೆಗಳೊಳಗೆ ಅವಿತಂತಿರುವ ಭೀತಿ, ಇವೆಲ್ಲ ಒಬ್ಬ ಮುದುಕಿಯ ನಾಲಗೆಯ ಮೇಲೆ ಬರುವುದರಿಂದ ನಾವು “ಇದು ನಡೆದೀತೇ?” ಎಂದು ಕೇಳುವುದಿಲ್ಲ, “ಆಮೇಲೇನಾಯಿತು?” ಎಂದಷ್ಟೇ ಕೇಳುತ್ತೇವೆ. ನಂಬಿಕೆಯು ಘಟನೆಯ ಮೇಲೆ ನಿಂತಿಲ್ಲ, ಹೇಳುವವಳ ಮೇಲೆ ನಿಂತಿದೆ. ಅವಳು ಉತ್ಪ್ರೇಕ್ಷಿಸಿದರೆ ಆ ಉತ್ಪ್ರೇಕ್ಷೆಯೂ ಅವಳ ದುಃಖದ ಅಳತೆಯೆಂದೇ ತೋರುತ್ತದೆ. ಟಿ. ಎಸ್. ನಾಗಾಭರಣರು ಈ ಕೃತಿಯನ್ನು ಚಲನಚಿತ್ರವಾಗಿಸಿದಾಗ ಅರಮನೆಯನ್ನು ತೆರೆಯ ಮೇಲೆ ಕಂಡೆವು. ಆದರೆ ಪುಸ್ತಕದಲ್ಲಿ ಶೀನಿಂಗವ್ವನ ಮಾತಿನ ಸಂದಿನಲ್ಲಿ ಕಾಣುವ ಅರಮನೆಯ ಕತ್ತಲೆ ಬೇರೆಯೇ ಬಗೆಯದು.

ಎರಡನೆಯ ಗುಟ್ಟು ಇದಕ್ಕಿಂತ ಮುಖ್ಯ. ಕಂಬಾರರ ಅದ್ಭುತಕ್ಕೆ ಯಾವಾಗಲೂ ಒಂದು ಕಟ್ಟಳೆ ಉಂಟು. ಕಟ್ಟಳೆಯನ್ನು ಮುರಿದರೆ ತೆರಬೇಕಾದ ಬೆಲೆ ಉಂಟು. ‘ಸಿರಿಸಂಪಿಗೆ’ (೧೯೮೬) ನಾಟಕದ ರಾಜಕುಮಾರನು ತನ್ನ ದೇಹವನ್ನೇ ಎರಡಾಗಿ ಸೀಳಿಸಿಕೊಂಡು, ಒಂದು ಭಾಗದಿಂದ ತನಗೊಪ್ಪುವ ಚೆಲುವೆ ಹುಟ್ಟಲೆಂದು ಹಂಬಲಿಸುತ್ತಾನೆ, ಹುಟ್ಟುವುದು ಸರ್ಪ. ತನ್ನನ್ನೇ ತಾನು ಮೋಹಿಸುವವನಿಗೆ ದೊರೆಯುವ ಸಂಗಾತಿ ಎಂಥದೆಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳುವುದು ಕಷ್ಟ. ೧೯೯೧ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ‘ಮಹಾಮಾಯಿ’ (೧೯೯೯) ನಾಟಕದಲ್ಲಿ ಸಾವಿನ ದೇವತೆ ಶೆಟಿವಿತಾಯಿಯೇ ಸಂಜೀವಶಿವನೆಂಬ ವೈದ್ಯನನ್ನು ಸಾಕಿದ ತಾಯಿ. ರೋಗಿಯ ಯಾವ ಪಕ್ಕದಲ್ಲಿ ತಾಯಿ ನಿಂತಿದ್ದಾಳೆಂಬುದನ್ನು ನೋಡಿ ಅವನು ಮದ್ದು ಕೊಡಬೇಕು, ಇಲ್ಲವೇ ಕೈಬಿಡಬೇಕು. ಈ ಒಂದು ಕಟ್ಟಳೆಯೇ ನಾಟಕದ ಬೆನ್ನೆಲುಬು. ತಾನು ಪ್ರೀತಿಸುವ ಜೀವದ ಪಕ್ಕದಲ್ಲಿಯೇ ತಾಯಿಯು ಸಲ್ಲದ ಕಡೆ ನಿಂತಾಗ ವೈದ್ಯನು ಏನು ಮಾಡಬೇಕು? ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆದ ಯಾರಿಗೂ ಇದು ಬರಿಯ ಕಟ್ಟುಕಥೆಯೆನಿಸದು.

ಕೀಳು ದರ್ಜೆಯ ಅದ್ಭುತ ಕಥೆಗಳಿಗೂ ಇವುಗಳಿಗೂ ಇರುವ ಅಂತರ ಇದೇ. ಅಲ್ಲಿ ನಾಯಕನು ಸಂಕಟದಲ್ಲಿದ್ದಾಗ ಮಂತ್ರವೊಂದು ಬಂದು ಕಾಪಾಡುತ್ತದೆ. ಇಲ್ಲಿ ಮಂತ್ರವೇ ಸಂಕಟವನ್ನು ತರುತ್ತದೆ. ಅಲ್ಲಿ ಅದ್ಭುತವು ಹೊಣೆಯಿಂದ ಪಾರಾಗುವ ದಾರಿ. ಇಲ್ಲಿ ಅದು ಹೊಣೆಯನ್ನು ಹೊರಿಸುವ ದಾರಿ.

ಈ ಎರಡು ಗುಟ್ಟುಗಳೂ ಒಂದೆಡೆ ಕೂಡಿ ದೊಡ್ಡ ಪ್ರಮಾಣದಲ್ಲಿ ಫಲಿಸಿರುವುದು ‘ಶಿಖರಸೂರ್ಯ’ದಲ್ಲಿ. ಈ ಶತಮಾನದ ಮೊದಲ ದಶಕದಲ್ಲಿ, ಲೇಖಕರು ಎಪ್ಪತ್ತರ ಆಸುಪಾಸಿನಲ್ಲಿದ್ದಾಗ ಬಂದ ಈ ಬೃಹತ್ ಕಾದಂಬರಿಯು ‘ಚಕೋರಿ’ಯಲ್ಲಿ ಬಂದಿದ್ದ ಚಿನ್ನಮುತ್ತನೆಂಬ ಪಾತ್ರವನ್ನು ಕೈಗೆತ್ತಿಕೊಂಡು ಮುಂದುವರಿಯುತ್ತದೆ. ಶಿವಾಪುರದಲ್ಲಿ ಗಿಡಮೂಲಿಕೆಯ ವಿದ್ಯೆಯಿದೆ. ಅದು ಮಾರುವ ಸರಕಲ್ಲ. ಆ ವಿದ್ಯೆಯನ್ನು ಕಲಿತವನೊಬ್ಬನು ಅದರ ಕಟ್ಟಳೆಯನ್ನು ಮುರಿದು, ಊರಿನಿಂದ ಹೊರಬಿದ್ದು, ಕನಕಪುರಿಯೆಂಬ ರಾಜ್ಯವನ್ನು ಸೇರಿ, ಹೊಸ ಹೆಸರಿನೊಡನೆ ಅಧಿಕಾರದ ಮೆಟ್ಟಿಲುಗಳನ್ನು ಏರುತ್ತಾನೆ. ಮದ್ದು ಕೊಡುತ್ತಿದ್ದ ಕೈ ವಿಷವನ್ನು ಅರೆಯತೊಡಗುತ್ತದೆ. ಅವನು ತಾನಾಗಿ ಇಟ್ಟುಕೊಂಡ ಹೆಸರಿನಲ್ಲಿಯೇ ಶಿಖರವೂ ಇದೆ, ಸೂರ್ಯನೂ ಇದ್ದಾನೆ. ಆದರೆ ಶಿಖರಕ್ಕೆ ಬಂದ ಸೂರ್ಯನು ಮುಂದೆ ಇಳಿಯಲೇಬೇಕು.

ಕಾದಂಬರಿಯ ಹೆಚ್ಚಳವೆಂದರೆ ಈ ಮನುಷ್ಯನನ್ನು ಲೇಖಕರು ರಾಕ್ಷಸನನ್ನಾಗಿ ಚಿತ್ರಿಸದಿರುವುದು. ‘ಹೇಳತೇನ ಕೇಳ’ ಕಾವ್ಯದಲ್ಲಿ ಕೇಡು ಊರ ಹೊರಗಿನಿಂದ ರಾಕ್ಷಸನಾಗಿ ಬಂದಿತ್ತು. ನಲವತ್ತು ವರ್ಷಗಳ ತರುವಾಯ ಅದೇ ಶಿವಾಪುರದಲ್ಲಿ ಕೇಡು ಊರ ಒಳಗಿನಿಂದಲೇ, ಅದೂ ಬುದ್ಧಿವಂತನಾದ ಶಿಷ್ಯನೊಬ್ಬನ ರೂಪದಲ್ಲಿ ಹುಟ್ಟುತ್ತದೆ. ಅವನಿಗೆ ಪ್ರತಿಭೆಯಿದೆ, ಶ್ರಮವಿದೆ, ಅವಮಾನದ ನೆನಪಿದೆ. ಇಲ್ಲದಿರುವುದು ಒಂದೇ: ವಿದ್ಯೆಯು ತನಗಿಂತ ದೊಡ್ಡದೆಂಬ ವಿನಯ. ಒಬ್ಬ ಕಥೆಗಾರನ ವಿಕಾಸವನ್ನು ಅಳೆಯಬೇಕಾದರೆ ಈ ಎರಡು ಕೃತಿಗಳ ನಡುವಣ ದೂರವನ್ನು ಅಳೆದರೆ ಸಾಕು. ಹೊರಗಿನ ಶತ್ರುವನ್ನು ತೋರಿಸುವುದು ಸುಲಭ. ಒಳಗಿನವನನ್ನು ಗುರುತಿಸುವುದಕ್ಕೆ ವಯಸ್ಸು ಬೇಕು.

ಇಲ್ಲಿ ಮತ್ತೆ ನಾರಳೀಕರರ ನೆನಪಾಗುವುದು ಸಹಜ. ಅವರ ‘ವಾಮನ ಪರತ ನ ಆಲಾ’ ಎಂಬ ಮರಾಠಿ ವಿಜ್ಞಾನ ಕಾದಂಬರಿಯಲ್ಲಿ, ನೆಲದಾಳದಲ್ಲಿ ಹುದುಗಿದ್ದ ಪೆಟ್ಟಿಗೆಯೊಂದರಿಂದ ನಷ್ಟವಾದ ನಾಗರಿಕತೆಯ ಜ್ಞಾನ ಹೊರಬರುತ್ತದೆ. ಅದನ್ನು ಅನುಸರಿಸಿ ವಿಜ್ಞಾನಿಗಳು ವಾಮನನೆಂಬ ಯಂತ್ರಮಾನವನನ್ನು ನಿರ್ಮಿಸುತ್ತಾರೆ. ಆ ಯಂತ್ರವು ತನ್ನಂಥ ಯಂತ್ರಗಳನ್ನು ತಾನೇ ಹೆರಲು ಹವಣಿಸಿದಾಗ, ಹಿಂದಿನ ನಾಗರಿಕತೆ ಏಕೆ ಅಳಿಯಿತೆಂಬುದು ತಿಳಿಯುತ್ತದೆ. ಒಬ್ಬರು ಖಗೋಳ ವಿಜ್ಞಾನಿ, ಇನ್ನೊಬ್ಬರು ಬಯಲಾಟದ ವಿದ್ವಾಂಸ. ಒಬ್ಬರು ಕಂಪ್ಯೂಟರಿನ ಭಾಷೆಯಲ್ಲಿ, ಇನ್ನೊಬ್ಬರು ಬೇರುನಾರಿನ ಭಾಷೆಯಲ್ಲಿ ಹೇಳಿದ್ದು ಒಂದೇ ಎಚ್ಚರಿಕೆ: ಹೊಣೆಯಿಂದ ಬೇರ್ಪಟ್ಟ ವಿದ್ಯೆಯು ಕಲಿತವನನ್ನೇ ನುಂಗುತ್ತದೆ. ಕೃಷ್ಣೆಯ ಮೇಲುಹರಿವಿನ ಎರಡು ನೆರೆನಾಡುಗಳಲ್ಲಿ ಹುಟ್ಟಿ, ಹೆಚ್ಚು ಕಡಿಮೆ ಸಮವಯಸ್ಕರಾಗಿದ್ದ ಈ ಇಬ್ಬರು ಎರಡು ದಾರಿಗಳಿಂದ ಬಂದು ಒಂದೇ ಕಟ್ಟೆಯ ಮೇಲೆ ಕುಳಿತಂತಿದೆ. ಯಂತ್ರಗಳು ಮನುಷ್ಯನಂತೆ ಮಾತನಾಡತೊಡಗಿರುವ ಇಂದಿನ ದಿನಮಾನದಲ್ಲಿ ಈ ಎಚ್ಚರಿಕೆ ಹಳೆಯದೆನ್ನುವಂತಿಲ್ಲ.

ಈಗ ಔರಾದದ ಹಿರಿಯರ ಪ್ರಶ್ನೆಗೆ ಬರೋಣ. ಶರಣರು ಕ್ಷುದ್ರದೈವಗಳನ್ನು ನಿರಾಕರಿಸಿದ್ದು ನಿಜ. ಆದರೆ ಅವರು ಕಲ್ಪನೆಯನ್ನು ನಿರಾಕರಿಸಲಿಲ್ಲ. ಬೆಡಗಿನ ವಚನಗಳನ್ನು ಓದಿದವರಿಗೆ ಇದನ್ನು ಹೇಳಬೇಕಿಲ್ಲ. ಲೋಕದ ಕಣ್ಣಿಗೆ ಅಸಂಭವವೆನಿಸುವ ಚಿತ್ರಗಳಲ್ಲದೆ ಬೇರೆ ಯಾವುದರಲ್ಲಿಯೂ ಹೇಳಲಾಗದ ಅನುಭವವೊಂದಿದೆಯೆಂದು ಬಲ್ಲವರು ಅವರು. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬರುವ ಗೋರಕ್ಷನ ಪ್ರಸಂಗವನ್ನು ಸ್ಮರಿಸಬಹುದು. ಗೋರಕ್ಷನು ಸಾಧನೆಯಿಂದ ವಜ್ರಕಾಯವನ್ನು ಪಡೆದವನು. ಅವನನ್ನು ಕತ್ತಿಯಿಂದ ಹೊಡೆದರೆ ಖಣಿಲೆನ್ನುತ್ತದೆ, ಗಾಯವಾಗದು. ಅದೇ ಕತ್ತಿಯನ್ನು ಅವನು ಅಲ್ಲಮಪ್ರಭುವಿನ ಮೇಲೆ ಬೀಸಿದರೆ ಬಯಲನ್ನು ಹಾದಂತೆ ಹಾದುಹೋಗುತ್ತದೆ. ಎರಡೂ ಅದ್ಭುತಗಳೇ. ಆದರೆ ಮೊದಲನೆಯದು ನಾನೆಂಬುದನ್ನು ಗಟ್ಟಿಮಾಡಿದ ಅದ್ಭುತ. ಎರಡನೆಯದು ನಾನೆಂಬುದನ್ನು ಕರಗಿಸಿದ ಅದ್ಭುತ. ಪವಾಡವನ್ನು ಪವಾಡದಿಂದಲೇ ಖಂಡಿಸುವ ಈ ಕಥನತಂತ್ರವು ನಮ್ಮ ಮನೆಯದೇ ಆಗಿದೆ. ಶಿಖರಸೂರ್ಯನು ಇಂದಿನ ಗೋರಕ್ಷ. ಮೈಯನ್ನು ವಜ್ರವಾಗಿಸುವ ಬದಲು ಗದ್ದುಗೆಯನ್ನು ವಜ್ರವಾಗಿಸಹೊರಟವನು. ಕೊರತೆಯೆಂದರೆ ಅವನಿಗೆ ಪ್ರಭುವಿನ ಭೇಟಿಯಾಗಲಿಲ್ಲ.

ಆದುದರಿಂದ ಭೇದವಿರುವುದು ಅದ್ಭುತವನ್ನು ಒಪ್ಪುವುದು ಅಥವಾ ಬಿಡುವುದರಲ್ಲಿ ಅಲ್ಲ. ನಂಬಿಸಿ ದಕ್ಷಿಣೆ ಕೇಳುವ ಅದ್ಭುತವನ್ನು ಬಿಡಬೇಕು; ನಂಬದವನನ್ನೂ ಯೋಚನೆಗೆ ಹಚ್ಚುವ ಅದ್ಭುತವನ್ನು ಒಪ್ಪಬೇಕು. ಕರಿಮಾಯಿಗೆ ಹರಕೆ ಹೊರಲು ಕಂಬಾರರು ಕರೆಯುತ್ತಿಲ್ಲ. ಒಂದು ಊರನ್ನು ಕೂಡಿಸಿ ಹಿಡಿದಿದ್ದ ಎಳೆ ಹರಿದಾಗ, ಅದರ ಸ್ಥಳದಲ್ಲಿ ಏನನ್ನು ಕಟ್ಟುವಿರಿ ಎಂದು ಕೇಳುತ್ತಿದ್ದಾರೆ. ‘ಜೋಕುಮಾರಸ್ವಾಮಿ’ (೧೯೭೨) ನಾಟಕದಲ್ಲಿ ಪಡುವಲಕಾಯಿಯ ಆಚರಣೆಯು ಉಳುವವನಿಗೆ ಭೂಮಿ ಸೇರಬೇಕೆಂಬ ಮಾತಾಗಿ ಮಾರ್ಪಟ್ಟುದನ್ನು ಕಂಡವರು ಅವರನ್ನು ಮೂಢನಂಬಿಕೆಯ ಪಕ್ಷಪಾತಿಯೆಂದು ಕರೆಯಲಾರರು.

ಲಿಂಗೈಕ್ಯ ಡಾ. ಚನ್ನಬಸವ ಪಟ್ಟದ್ದೇವರ ಕಾಲದ ಸಂಗತಿಯೊಂದು ಇಲ್ಲಿ ನೆನಪಾಗುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಎಡೆಯಿಲ್ಲದಿದ್ದಾಗ ಪೂಜ್ಯರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಇದನ್ನು ನಮ್ಮ ಭಾಗದ ಮಕ್ಕಳೆಲ್ಲ ಬಲ್ಲರು. ಒಳ್ಳೆಯ ಅದ್ಭುತ ಕಥೆಯೂ ಅಂಥದೇ ಒಂದು ಶಾಲೆ. ಹೊರಗಿನ ಫಲಕದಲ್ಲಿ ಯಕ್ಷಿ, ರಾಕ್ಷಸ, ಸರ್ಪ ಎಂದು ಬರೆದಿರುತ್ತದೆ. ಒಳಗೆ ನಡೆಯುವುದು ನಮ್ಮದೇ ಬಾಳಿನ ಪಾಠ. ಫಲಕವನ್ನಷ್ಟೇ ಓದಿ ಹಿಂತಿರುಗಿದವರಿಗೆ ಪಾಠ ದಕ್ಕಲಾರದು.

ಹೀಗೆಂದ ಮಾತ್ರಕ್ಕೆ ಕಂಬಾರರ ಕೃತಿಗಳು ದೋಷರಹಿತವೆಂದಲ್ಲ. ವಿಮರ್ಶೆಯು ಸ್ತೋತ್ರವಾಗಬಾರದು. ಮೊದಲನೆಯದಾಗಿ, ಅವರ ಲೋಕದಲ್ಲಿ ಹೆಣ್ಣು ಒಂದೋ ಜಗನ್ಮಾತೆ, ಇಲ್ಲವೇ ಸೆಳೆಯುವ ಮಾಯೆ ಎಂಬಂತೆ ಎರಡು ಅಂಚುಗಳಿಗೆ ಸರಿಯುವುದುಂಟು. ಸಿಂಗಾರೆವ್ವ ಮತ್ತು ಶೀನಿಂಗವ್ವರಂತೆ ರಕ್ತಮಾಂಸದ ಹೆಂಗಸರು ದೊರೆತಾಗ ಆಗುವ ಹರ್ಷವೇ ಉಳಿದೆಡೆಗಳ ಕೊರತೆಯನ್ನು ಎತ್ತಿ ತೋರಿಸುತ್ತದೆ. ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಯು ಪ್ರಶ್ನೆಗೆ ಪ್ರಶ್ನೆ ಒಡ್ಡಿದುದನ್ನು ಕೇಳಿ ಬೆಳೆದ ಓದುಗರಿಗೆ ವಾದಿಸುವ ಹೆಣ್ಣು ಬೇಕೆನಿಸುವುದು ಅನ್ಯಾಯವಲ್ಲ. ಎರಡನೆಯದಾಗಿ, ಶಿವಾಪುರವನ್ನು ಕಳೆದುಹೋದ ಸ್ವರ್ಗವೆಂಬಂತೆ ನೋಡುವ ಸೆಳೆತ ಅವರಲ್ಲಿ ಆಗಾಗ ಮೇಲುಗೈ ಪಡೆಯುತ್ತದೆ. ಊರ ಎಳೆ ಕೂಡಿಸಿತ್ತು, ನಿಜ. ಕೆಲವರನ್ನು ಊರ ಹೊರಗೂ ಇರಿಸಿತ್ತು. ಕಲ್ಯಾಣದ ನೆನಪಿರುವ ನಾಡಿನವರು ಇದನ್ನು ಮರೆಯುವಂತಿಲ್ಲ. ಮೂರನೆಯದಾಗಿ, ‘ಶಿಖರಸೂರ್ಯ’ದ ವಿಸ್ತಾರವು ಕೆಲವೆಡೆ ಕಥೆಯ ಓಟವನ್ನು ತಡೆಯುತ್ತದೆ, ಸಾಂಕೇತಿಕತೆ ಭಾರವಾದಲ್ಲಿ ಪಾತ್ರಗಳು ಮನುಷ್ಯರಾಗಿ ಉಸಿರಾಡುವುದನ್ನು ಬಿಟ್ಟು ತತ್ತ್ವಗಳಾಗಿ ನಿಂತುಬಿಡುತ್ತವೆ. ಅಂಥಲ್ಲಿ ಶೀನಿಂಗವ್ವನಂಥ ಒಂದು ನಾಲಗೆ ಇದ್ದಿದ್ದರೆ ಎನಿಸುತ್ತದೆ.

ನಮ್ಮ ಜಿಲ್ಲೆಗೆ ಅವರ ಲೇಖನಿ ಬಂದುದೂ ಉಂಟು. ‘ಶಿವರಾತ್ರಿ’ ನಾಟಕವು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ವಸ್ತುವಾಗಿಸಿಕೊಂಡಿದೆ. ಕಲ್ಪಿತ ಊರಿನ ಕಥೆಗಾರನು ಚರಿತ್ರೆಯ ಊರಿಗೆ ಬಂದಾಗ ಏನಾಗುತ್ತದೆಂಬುದನ್ನು ಅಲ್ಲಿ ಕಾಣಬಹುದು. ಶಿವಾಪುರದಲ್ಲಿ ಕಟ್ಟಳೆಯನ್ನು ಮುರಿದವನು ಪತಿತನಾಗುತ್ತಾನೆ. ಕಲ್ಯಾಣದಲ್ಲಿ ಕಟ್ಟಳೆಯನ್ನು ಮುರಿದವರು ಶರಣರೆನಿಸಿದರು. ಯಾವ ಕಟ್ಟಳೆಯನ್ನು ಕಾಯಬೇಕು, ಯಾವುದನ್ನು ಮುರಿಯಬೇಕು? ವಿದ್ಯೆಯನ್ನು ಮಾರಬಾರದೆಂಬ ಕಟ್ಟಳೆಯೂ, ಹುಟ್ಟಿನಿಂದ ಮನುಷ್ಯನನ್ನು ಅಳೆಯಬೇಕೆಂಬ ಕಟ್ಟಳೆಯೂ ಒಂದೇ ಅಲ್ಲ. ಈ ಎರಡು ಬಗೆಯ ಕೃತಿಗಳನ್ನು ಅಕ್ಕಪಕ್ಕದಲ್ಲಿರಿಸಿ ಓದಿದಾಗಲೇ ಕಂಬಾರರ ಪ್ರಪಂಚ ಪೂರ್ಣವಾಗುತ್ತದೆಂದು ನನ್ನ ಅಭಿಪ್ರಾಯ.

ಕೊನೆಗೆ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಮಾತೊಂದಿದೆ. ಘೋಡಗೇರಿಯ ಆಡುನುಡಿಯು ಜ್ಞಾನಪೀಠದವರೆಗೆ ನಡೆಯಿತು. ಉರ್ದು, ಮರಾಠಿ, ತೆಲುಗುಗಳೊಡನೆ ಒಕ್ಕಲುತನ ಮಾಡಿ ಹದವಾದ ಬೀದರದ ಕನ್ನಡದಲ್ಲಿ ಅಂಥ ಲೋಕವೊಂದು ಏಕೆ ಇನ್ನೂ ಏಳಲಿಲ್ಲ? ಸಾಮಗ್ರಿಯ ಅಭಾವವಿಲ್ಲ. ನೌಬಾದಿನ ನೆಲದಡಿಯಲ್ಲಿ ಕತ್ತಲೆಯಲ್ಲಿ ಹರಿಯುವ ಸುರಂಗ ಬಾವಿಯ ನೀರಿದೆ. ಎದೆಯುದ್ದದ ನೀರಿನಲ್ಲಿ ನಡೆದು ಕಾಣಬೇಕಾದ ನರಸಿಂಹ ಝರಣಿಯ ಗುಹೆಯಿದೆ. ಕೋಟೆಯ ಹಳೆಯ ಮಣ್ಣು ತಗುಲಿದೊಡನೆ ಲೋಹವು ಕಪ್ಪಾಗಿ, ಬೆಳ್ಳಿಯೊಂದೇ ಬೆಳ್ಳಗುಳಿಯುವ ಬಿದರಿಯ ಕುಸುರಿಯಿದೆ. ಮಾಂಜರಾ ತೀರದ ಮುದುಕಿಯರ ಕಥೆಗಳಿವೆ. ಆ ಮುದುಕಿಯರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದಾರೆ. ಪ್ರತಿಯೊಬ್ಬ ಶೀನಿಂಗವ್ವನ ಎದುರಿಗೂ ಬರೆದುಕೊಳ್ಳುವವನೊಬ್ಬನು ಕುಳಿತಿರಬೇಕು. ಇಲ್ಲದಿದ್ದರೆ ಅರಮನೆಯೂ ಇಲ್ಲ, ಶಿವಾಪುರವೂ ಇಲ್ಲ.

ಮಠದ ಪ್ರಸಾದ ನಿಲಯಗಳಲ್ಲಿ ಓದಿ ಊರೂರುಗಳಲ್ಲಿ ಶಿಕ್ಷಕರಾಗಿರುವ ಹಳೆಯ ವಿದ್ಯಾರ್ಥಿಗಳು ಈ ಕಾರ್ಯಕ್ಕೆ ಕೈಹಚ್ಚಬಾರದೇಕೆ? ಬೇಸಿಗೆಯ ರಜೆಯಲ್ಲಿ ಮಕ್ಕಳಿಗೆ ಒಂದು ಹಾಳೆ ಕೊಟ್ಟು, ಮನೆಯ ಅಜ್ಜಿ ಹೇಳಿದ ಕಥೆಯೊಂದನ್ನು ಅವಳ ಮಾತಿನಲ್ಲಿಯೇ, ತಿದ್ದದೆ ಬರೆದು ತರಲು ಹೇಳಿದರೆ ಸಾಕು. ಸಾವಳಗಿಯಲ್ಲಿ ಬಡ ಬಾಲಕನೊಬ್ಬನಿಗೆ ಸಿಕ್ಕ ಆಸರೆಯಿಂದ ಏನು ಬೆಳೆಯಿತೆಂಬುದನ್ನು ಮೇಲೆ ನೋಡಿದೆವು.

ಪ್ರಶ್ನೆ ಕೇಳಿದ ಔರಾದದ ಹಿರಿಯರಿಗೆ ನನ್ನ ಬಿನ್ನಹವಿಷ್ಟೆ. ಲಿಂಗವು ಕೊರಳಲ್ಲಿಯೇ ಇರಲಿ, ಪುಸ್ತಕವು ಕೈಯಲ್ಲಿರಲಿ. ಕಥೆಯನ್ನು ಪೂಜಿಸಬೇಕಾಗಿಲ್ಲ, ಅದರೊಡನೆ ವಾದಿಸಿದರೆ ಸಾಕು. ತಾವು ಅಂದು ಕೇಳಿದ ಪ್ರಶ್ನೆಯೇ ಆ ವಾದದ ಮೊದಲ ಮಾತಾಗಿತ್ತೆಂದು ಈಗ ನನಗೆ ಅನಿಸುತ್ತಿದೆ. ಶರಣು ಶರಣಾರ್ಥಿ.